ಪಟ್ಟಿಯಲ್ಲಿ ಇಲ್ಲದ ಪ್ರಶ್ನೆ: ಮಂಜುಗಡ್ಡೆಯ ಮೇಲಿನ ಗಾಳ ಮತ್ತು ಒಜಿಬ್ವೆ ಜನರ ನೀರು

ನವೆಂಬರ್ ಮುಗಿಯುವ ಹೊತ್ತಿಗೆ ಮಿನ್ನೆಸೋಟದ ಉತ್ತರ ಭಾಗದ ಸರೋವರಗಳು ಹೆಪ್ಪುಗಟ್ಟತೊಡಗುತ್ತವೆ. ಅಂಗಡಿಗಳಲ್ಲಿ ಮಂಜುಗಡ್ಡೆ ಕೊರೆಯುವ ಆಗರ್‌ಗಳು, ಮಡಚಿ ಒಯ್ಯುವ ಗುಡಾರಗಳು, ಗಿಡ್ಡನೆಯ ಗಾಳದ ಕೋಲುಗಳು ಸಾಲಾಗಿ ಬಂದು ನಿಲ್ಲುತ್ತವೆ. ಚಳಿಯನ್ನು ಶಪಿಸುತ್ತ ಮನೆಯೊಳಗೆ ಕೂರುವ ಬದಲು ಸರೋವರದ ಮೇಲೆ ಕೂರಲು ಕಲಿತ ಅನಿವಾಸಿ ಕನ್ನಡಿಗರೂ ಈ ಅಂಗಡಿಗಳಿಗೆ ಹೋಗುತ್ತಾರೆ. ಅವರ ಬಳಿ ಒಂದು ಪಟ್ಟಿ ಇರುತ್ತದೆ. ಕೈಯಿಂದ ತಿರುಗಿಸುವ ಆಗರ್ ಸಾಕೇ, ಬ್ಯಾಟರಿಯದು ಬೇಕೇ? ತೂತು 6 ಇಂಚಿನದೋ 8 ಇಂಚಿನದೋ? ಕಾಲ್ನಡಿಗೆಗೆ ಕನಿಷ್ಠ 4 ಇಂಚು ದಪ್ಪದ ಗಟ್ಟಿ ಮಂಜುಗಡ್ಡೆ ಬೇಕು ಎಂಬುದು ಅವರಿಗೆ ಗೊತ್ತು. ಜಾರಿ ನೀರಿಗೆ ಬಿದ್ದರೆ ಅಂಚಿಗೆ ಚುಚ್ಚಿ ಮೇಲೇರಲು ಕೊರಳಿಗೆ ಮೊಳೆಗಳ ಜೋಡಿಯನ್ನು ನೇತುಹಾಕಿಕೊಳ್ಳಬೇಕು ಎಂಬುದೂ ಗೊತ್ತು. ಆಮೇಲೆ ಲಾಡ್ಜ್‌ನ ಲೆಕ್ಕಾಚಾರ: ಒಬ್ಬರಿಗೆ ದಿನಕ್ಕೆ ಎಷ್ಟು, ಬೆಚ್ಚಗಿನ ಮನೆ ಸರೋವರದ ನಡುವೆಯೇ ಸಿಗುತ್ತದೆಯೇ, ಹಿಡಿದ ಮೀನನ್ನು ಹಸನು ಮಾಡಿಕೊಡುವವರು ಇದ್ದಾರೆಯೇ, ಮಾರ್ಗದರ್ಶಿಯ ಕೂಲಿ ಬಾಡಿಗೆಯಲ್ಲೇ ಸೇರಿದೆಯೇ?

ಇಷ್ಟು ಎಚ್ಚರದ ಈ ಪಟ್ಟಿಯಲ್ಲಿ ಒಂದು ಪ್ರಶ್ನೆ ಮಾತ್ರ ಇರುವುದಿಲ್ಲ. ಈ ನೀರು ಯಾರದು?

ಪ್ರಶ್ನೆ ಎತ್ತಿದೊಡನೆ ಬರುವ ಉತ್ತರ ಪರಿಚಿತವಾದದ್ದು. ವಾರವಿಡೀ ದುಡಿದವರು ಎರಡು ದಿನ ಮೀನು ಹಿಡಿಯಲು ಹೋದರೆ ಅಲ್ಲಿಗೂ ರಾಜಕೀಯವನ್ನು ತರಬೇಕೇ ಎಂಬುದು. ತರಬೇಕಾದ ಅಗತ್ಯವೇ ಇಲ್ಲ. ರಾಜಕೀಯ ಆ ಮಂಜುಗಡ್ಡೆಯ ಕೆಳಗೆ 1837ರಿಂದಲೂ ಇದೆ. ಆ ವರ್ಷ ಒಜಿಬ್ವೆ ಜನರು ಅಮೆರಿಕ ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಇಂದಿನ ಮಿನ್ನೆಸೋಟ ಮತ್ತು ವಿಸ್ಕಾನ್ಸಿನ್‌ಗಳಿಗೆ ಸೇರಿದ ವಿಶಾಲವಾದ ನೆಲವನ್ನು ಬಿಟ್ಟುಕೊಟ್ಟರು. ಆದರೆ ಆ ನೆಲದಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಕಾಡುಭತ್ತ ಕೊಯ್ಯುವ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಂಡರು. ಈ ಹಕ್ಕು ಸರ್ಕಾರ ದಯಪಾಲಿಸಿದ ರಿಯಾಯಿತಿಯಲ್ಲ. ನೆಲ ಕೊಟ್ಟವರು ಕೊಡದೆ ಇಟ್ಟುಕೊಂಡದ್ದು. ಈ ವ್ಯತ್ಯಾಸ ಅರ್ಥವಾಗದವರಿಗೆ ಮುಂದಿನ ಇತಿಹಾಸವೂ ಅರ್ಥವಾಗದು.

ನೂರು ವರ್ಷಕ್ಕೂ ಹೆಚ್ಚು ಕಾಲ ರಾಜ್ಯ ಸರ್ಕಾರಗಳು ಈ ಮಾತನ್ನು ಮರೆತಂತೆ ನಡೆದುಕೊಂಡವು. ತಮ್ಮ ಪೂರ್ವಜರ ಸರೋವರದಲ್ಲಿ ಮೀನು ಹಿಡಿದ ಒಜಿಬ್ವೆ ಜನರನ್ನು ಕಳ್ಳಬೇಟೆಗಾರರೆಂದು ಕರೆದು ದಂಡ ಹಾಕಿದವು, ಬಲೆ ದೋಣಿಗಳನ್ನು ಕಿತ್ತುಕೊಂಡವು. 1974ರ ಮಾರ್ಚ್‌ನಲ್ಲಿ ಲಾ ಕೂಡರೇ ಸಮುದಾಯದ ಫ್ರೆಡ್ ಮತ್ತು ಮೈಕ್ ಟ್ರಿಬಲ್ ಎಂಬ ಸಹೋದರರು ವಿಸ್ಕಾನ್ಸಿನ್‌ನ ಚೀಫ್ ಸರೋವರದಲ್ಲಿ ಮೀಸಲು ಪ್ರದೇಶದ ಗಡಿಯನ್ನು ಉದ್ದೇಶಪೂರ್ವಕವಾಗಿ ದಾಟಿದರು. ಮಂಜುಗಡ್ಡೆಯಲ್ಲಿ ತೂತು ಕೊರೆದು ಈಟಿಯಿಂದ ಮೀನು ಹಿಡಿದರು, ಬಂಧನಕ್ಕೊಳಗಾದರು. ಆ ತೂತಿನಿಂದ ಹೊರಟ ಮೊಕದ್ದಮೆ 1983ರಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪಾಗಿ ಮುಗಿಯಿತು: ಒಪ್ಪಂದದ ಹಕ್ಕು ಜೀವಂತವಾಗಿದೆ. ಮಿನ್ನೆಸೋಟದ ಮಿಲ್ ಲ್ಯಾಕ್ಸ್ ಸರೋವರದ ವಿಷಯದಲ್ಲಿ ಅದೇ ಮಾತನ್ನು ಅಮೆರಿಕದ ಸುಪ್ರೀಂ ಕೋರ್ಟ್ 1999ರಲ್ಲಿ 5–4ರ ಬಹುಮತದಿಂದ ಹೇಳಿತು.

ತೀರ್ಪು ಬಂದರೆ ನ್ಯಾಯ ಬಂದಂತಲ್ಲ ಎಂಬುದನ್ನು ಕನ್ನಡಿಗರಿಗೆ ವಿವರಿಸಿ ಹೇಳಬೇಕಿಲ್ಲ. 1980ರ ದಶಕದ ಕೊನೆಯಲ್ಲಿ ಉತ್ತರ ವಿಸ್ಕಾನ್ಸಿನ್‌ನ ದೋಣಿಕಟ್ಟೆಗಳಲ್ಲಿ, ವಸಂತದ ರಾತ್ರಿಗಳಲ್ಲಿ ಈಟಿ ಹಿಡಿದು ನೀರಿಗಿಳಿದ ಒಜಿಬ್ವೆ ಕುಟುಂಬಗಳ ಮೇಲೆ ಕಲ್ಲುಗಳು ಬಿದ್ದವು, ಜನಾಂಗೀಯ ನಿಂದನೆಗಳು ಸುರಿದವು. ವಾಲೈ ಮೀನು ನಾಶವಾಗುತ್ತದೆ, ಪ್ರವಾಸೋದ್ಯಮ ಮುಳುಗುತ್ತದೆ ಎಂಬುದು ಅಂದಿನ ಕೂಗು. ಅದರ ಮಾರ್ದನಿ ಇಂದೂ ನಿಂತಿಲ್ಲ. ಮಿಲ್ ಲ್ಯಾಕ್ಸ್‌ನಲ್ಲಿ ವಾಲೈ ಸಂಖ್ಯೆ ಕುಸಿದು 2015ರ ಆಗಸ್ಟ್‌ನಲ್ಲಿ ರಾಜ್ಯವು ಆ ಮೀನಿನ ಬೇಟೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಿದಾಗ, ಎಷ್ಟೋ ಬೆರಳುಗಳು ಒಜಿಬ್ವೆ ಬಲೆಗಳ ಕಡೆಗೇ ತಿರುಗಿದವು. ಮರಿಮೀನುಗಳು ದೊಡ್ಡವಾಗುವ ಮುನ್ನವೇ ಸಾಯುತ್ತಿರುವುದನ್ನು, ನೀರಿನ ತಾಪ ಏರುತ್ತಿರುವುದನ್ನು, ಹೊರಗಿನಿಂದ ಬಂದ ಝೀಬ್ರಾ ಚಿಪ್ಪುಜೀವಿಗಳು ಸರೋವರದ ಆಹಾರ ಸರಪಳಿಯನ್ನೇ ಬದಲಿಸಿರುವುದನ್ನು ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ. ಆ ಚಿಪ್ಪುಜೀವಿಗಳು ಊರಿಂದೂರಿಗೆ ಹರಡುವುದು ಮೋಜಿನ ದೋಣಿಗಳಿಗೆ, ಅವುಗಳ ನೀರಿಗೆ ಅಂಟಿಕೊಂಡು. ಲಾಡ್ಜ್‌ನ ಒಲೆಯ ಮುಂದೆ ಕೂತು ಆತಿಥೇಯರ ಬಾಯಿಂದ ಬಲೆಗಳ ಮೇಲಿನ ದೂರನ್ನು ಕೇಳಿ ತಲೆಯಾಡಿಸುವ ಅನಿವಾಸಿ, ಆ ಕ್ಷಣದಲ್ಲಿ ಒಂದು ಪಕ್ಷವನ್ನು ಸೇರಿರುತ್ತಾನೆ. ಅದು ಅವನಿಗೆ ಗೊತ್ತಿರುವುದಿಲ್ಲ, ಅಷ್ಟೆ.

ಮೂಲನಿವಾಸಿಗಳಿಗೆ ಮೀನು ಉಳಿಸಲು ಬಾರದು ಎನ್ನುವವರು ರೆಡ್ ಲೇಕ್‌ನ ಕಥೆಯನ್ನು ಕೇಳಬೇಕು. ಲೋವರ್ ರೆಡ್ ಸರೋವರ ಪೂರ್ತಿಯಾಗಿಯೂ ಅಪ್ಪರ್ ರೆಡ್ ಸರೋವರದ ಹೆಚ್ಚಿನ ಭಾಗವೂ ರೆಡ್ ಲೇಕ್ ಒಜಿಬ್ವೆ ಸಮುದಾಯಕ್ಕೆ ಸೇರಿದವು. ಮೊದಲ ಮಹಾಯುದ್ಧದ ಆಹಾರ ಕೊರತೆಯ ಕಾಲದಲ್ಲಿ, 1917ರಲ್ಲಿ ಆರಂಭವಾದ ವಾಣಿಜ್ಯ ಮೀನುಗಾರಿಕೆ 1990ರ ದಶಕದ ಹೊತ್ತಿಗೆ ಆ ನೀರಿನ ವಾಲೈ ಸಂತತಿಯನ್ನು ಬರಿದು ಮಾಡಿತ್ತು. 1997ರಲ್ಲಿ ಸಮುದಾಯದ ಮೀನುಗಾರರೇ ತಮ್ಮ ವಾಣಿಜ್ಯ ಬಲೆಗಳನ್ನು ಮೇಲೆತ್ತಿದರು. 1999ರಲ್ಲಿ ರಾಜ್ಯ ಮತ್ತು ಕೇಂದ್ರ ಸರ್ಕಾರಗಳೊಂದಿಗೆ ಪುನಶ್ಚೇತನದ ಒಪ್ಪಂದವಾಯಿತು, ಮರಿಗಳನ್ನು ಬಿಡಲಾಯಿತು. ವರ್ಷಗಟ್ಟಲೆ ಯಾರೂ ಆ ನೀರಿನಿಂದ ವಾಲೈ ಒಯ್ಯಲಿಲ್ಲ. 2006ರಲ್ಲಿ ಮೀನು ಮರಳಿತು, ಬೇಟೆಯೂ ಮರಳಿತು. ಅಪ್ಪರ್ ರೆಡ್‌ನ ಪೂರ್ವ ಭಾಗ, ಅಂದರೆ ರಾಜ್ಯದ ಪಾಲು, ಇಂದು ಚಳಿಗಾಲದ ಲಾಡ್ಜ್‌ಗಳಿಗೆ ಹೆಸರಾಗಿದೆ. ಅಲ್ಲಿ ಸಿಗುವ ಪ್ರತಿ ಮೀನಿನ ಹಿಂದೆ ತಮ್ಮ ಜೀವನೋಪಾಯವನ್ನೇ ನಿಲ್ಲಿಸಿದ ಕುಟುಂಬಗಳಿವೆ. ಬಾಡಿಗೆಯ ರಸೀದಿಯಲ್ಲಿ ಆ ಹೆಸರು ಮೂಡುವುದಿಲ್ಲ.

ಗಡಿ ದಾಟಿ, ಮೀನು ಬೇಟೆಯ ಲಾಡ್ಜ್‌ಗಳಿಗೆ ಹೆಸರಾದ ವಾಯುವ್ಯ ಒಂಟಾರಿಯೊಗೆ ಹೋದರೆ ಕಥೆ ಇನ್ನೂ ಕಠೋರ. ಡ್ರೈಡನ್ ಊರಿನ ಕಾಗದದ ಕಾರ್ಖಾನೆಗೆ ಸೇರಿದ ರಾಸಾಯನಿಕ ಘಟಕ 1962ರಿಂದ 1970ರವರೆಗೆ ಸುಮಾರು 9,000 ಕಿಲೋ ಪಾದರಸವನ್ನು ವಾಬಿಗೂನ್ ನದಿಗೆ ಸುರಿಯಿತು. ಪಾದರಸ ನೀರಿನಿಂದ ಹುಳುವಿಗೆ, ಹುಳುವಿನಿಂದ ಸಣ್ಣ ಮೀನಿಗೆ, ಅದರಿಂದ ವಾಲೈಗೆ ಏರಿತು. ವಾಲೈಯಿಂದ ಗ್ರಾಸಿ ನ್ಯಾರೋಸ್ ಮತ್ತು ವಾಬಸೀಮೂಂಗ್ ಎಂಬ ಎರಡು ಮೂಲನಿವಾಸಿ ಊರುಗಳ ಜನರ ನರಗಳಿಗೆ ಏರಿತು. ಜಪಾನಿನ ಮಿನಮಾಟಾದಲ್ಲಿ ಇದೇ ವಿಷದ ರೋಗಿಗಳನ್ನು ಕಂಡಿದ್ದ ವೈದ್ಯ ಮಸಾಝುಮಿ ಹರಾದ 1975ರಲ್ಲಿ ಈ ಊರುಗಳಿಗೆ ಬಂದು ಅದೇ ಲಕ್ಷಣಗಳನ್ನು ಗುರುತಿಸಿದರು.

ಇಲ್ಲಿ ಲಾಡ್ಜ್‌ಗಳ ಪಾತ್ರವೇನು? ಬೇಸಿಗೆಯಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು, ಮೀನಿರುವ ಜಾಗ ತೋರಿಸಿ, ಮಧ್ಯಾಹ್ನ ದಡದಲ್ಲೇ ಮೀನು ಹುರಿದು ಬಡಿಸಿ, ತಾವೂ ತಿನ್ನುತ್ತಿದ್ದ ಮಾರ್ಗದರ್ಶಿಗಳು ಇದೇ ಊರುಗಳವರು. ಪ್ರವಾಸಿಗ ವರ್ಷಕ್ಕೆ ನಾಲ್ಕು ದಿನ ತಿಂದು ಹೋಗುತ್ತಿದ್ದ, ಮಾರ್ಗದರ್ಶಿ ದಿನವೂ ತಿನ್ನುತ್ತಿದ್ದ. 1970ರಲ್ಲಿ ವಾಣಿಜ್ಯ ಮೀನುಗಾರಿಕೆಯನ್ನು ಸರ್ಕಾರ ಮುಚ್ಚಿಸಿತು. ಬಾಲ್ ಲೇಕ್‌ನ ದೊಡ್ಡ ಲಾಡ್ಜ್ ಬಾಗಿಲು ಹಾಕಿತು, ಅದನ್ನು ನಂಬಿದ್ದ ಮಾರ್ಗದರ್ಶಿಗಳ ಕೆಲಸ ಹೋಯಿತು. ಆದರೆ ಮೋಜಿನ ಬೇಟೆಯನ್ನು ಸರ್ಕಾರ ಮುಚ್ಚಲಿಲ್ಲ. ಹಿಡಿಯಿರಿ, ತಿನ್ನಬೇಡಿ ಎಂಬ ಸಲಹೆಯೊಂದಿಗೆ ಪ್ರವಾಸೋದ್ಯಮ ಮುಂದುವರಿಯಿತು. ಹೊಟ್ಟೆಪಾಡಿನ ಮೀನುಗಾರಿಕೆಗೆ ನಿಷೇಧ, ಹವ್ಯಾಸದ ಮೀನುಗಾರಿಕೆಗೆ ಪ್ರೋತ್ಸಾಹ. ಆ ನದಿಯ ಶುದ್ಧೀಕರಣಕ್ಕೆ ಒಂಟಾರಿಯೊ ಸರ್ಕಾರ 8.5 ಕೋಟಿ ಕೆನಡಿಯನ್ ಡಾಲರ್ ಘೋಷಿಸಿದ್ದು 2017ರಲ್ಲಿ, ಅಂದರೆ 47 ವರ್ಷಗಳ ನಂತರ. ಹುಟ್ಟಿನಿಂದಲೇ ಆ ವಿಷವನ್ನು ಹೊತ್ತ ತಲೆಮಾರುಗಳು ಈ ನಡುವೆ ಬೆಳೆದು ನಿಂತಿದ್ದವು.

ಈ ಇತಿಹಾಸವನ್ನು ತಿಳಿದ ಮೇಲೆ ಸಲಕರಣೆಯ ಆಯ್ಕೆಯೂ ಬರಿಯ ಅಭಿರುಚಿಯ ಮಾತಾಗಿ ಉಳಿಯದು. ಗಾಳಕ್ಕೆ ಕಟ್ಟುವ ಸೀಸದ ಗುಂಡು ಅಗ್ಗ. ಆದರೆ ಮಿನ್ನೆಸೋಟದ ರಾಜ್ಯಪಕ್ಷಿಯಾದ ಲೂನ್, ಆಹಾರ ಅರೆಯಲೆಂದು ನುಂಗುವ ಹರಳುಕಲ್ಲುಗಳೊಂದಿಗೆ ಅದನ್ನೂ ನುಂಗುತ್ತದೆ. ಒಂದು ಸಣ್ಣ ಗುಂಡು ಅದನ್ನು ಕೊಲ್ಲಲು ಸಾಕು. ಬ್ರಿಟನ್ ಹಂಸಗಳ ಸಲುವಾಗಿ 1987ರಲ್ಲೇ ಹೆಚ್ಚಿನ ಗಾತ್ರಗಳ ಸೀಸದ ಗುಂಡುಗಳನ್ನು ನಿಷೇಧಿಸಿತು. ಕೆನಡಾ 1997ರಿಂದ ತನ್ನ ರಾಷ್ಟ್ರೀಯ ಉದ್ಯಾನಗಳಲ್ಲಿ ಸಣ್ಣ ಸೀಸದ ಗುಂಡುಗಳನ್ನು ಬಿಡುವುದಿಲ್ಲ. ಟಂಗ್‌ಸ್ಟನ್‌ನ ಗುಂಡಿಗೆ ಬೆಲೆ ಹೆಚ್ಚು ನಿಜ. ಆದರೆ ಅದು ಸೀಸಕ್ಕಿಂತ ಸಾಂದ್ರವಾದ್ದರಿಂದ ಚಿಕ್ಕದಾಗಿದ್ದೂ ಬೇಗ ಆಳಕ್ಕಿಳಿಯುತ್ತದೆ, ಮಂಜುಗಡ್ಡೆಯ ಕೆಳಗಿನ ಬೇಟೆಗೆ ಹೆಚ್ಚು ಒಗ್ಗುತ್ತದೆ. ಸಾವಿರಾರು ಡಾಲರಿನ ಸೋನಾರ್ ಪರದೆ ಕೊಳ್ಳುವವನು ಗುಂಡಿನಲ್ಲಿ ಎರಡು ಡಾಲರ್ ಉಳಿಸುವುದಕ್ಕೆ ಮಿತವ್ಯಯ ಎಂಬ ಹೆಸರು ಸಲ್ಲದು.

ಆ ಪರದೆಯ ಬಗ್ಗೆಯೂ ಒಂದು ಮಾತು. ಪ್ರತಿ ಮೀನಿನ ಚಲನೆಯನ್ನು ಆ ಕ್ಷಣದಲ್ಲೇ ತೋರಿಸುವ ಹೊಸ ಸೋನಾರ್‌ನೊಂದಿಗೆ ಆಳದ ಗುಂಪುಗಳನ್ನು ಬೆನ್ನಟ್ಟುವುದು ಸುಲಭವಾಗಿದೆ. ಹಿಡಿದದ್ದನ್ನು ಬಿಟ್ಟುಬಿಡುತ್ತೇವೆ, ಹಿಂಸೆ ಎಲ್ಲಿ ಬಂತು ಎಂಬುದು ಸಮರ್ಥನೆ. ಸುಮಾರು 30 ಅಡಿಗಿಂತ ಆಳದಿಂದ ಮೇಲೆಳೆದ ವಾಲೈಯ ಗಾಳಿಚೀಲ ಒತ್ತಡ ಇಳಿದು ಹಿಗ್ಗುತ್ತದೆ. ಬಿಟ್ಟ ಮೀನು ಕಣ್ಣೆದುರಿಗೆ ಈಜಿ ಹೋದರೂ ಬದುಕುವ ಖಾತ್ರಿಯಿಲ್ಲ. ಎರಡು ಮೀನು ಹಿಡಿದು ತಿಂದು ಎದ್ದುಹೋಗುವವನಿಗಿಂತ, ಇಪ್ಪತ್ತು ಮೀನು ಎಳೆದು ಚಿತ್ರ ತೆಗೆಸಿಕೊಂಡು ಬಿಡುವವನು ಹೆಚ್ಚು ಸಾತ್ವಿಕನೇನಲ್ಲ.

ಸಾತ್ವಿಕತೆಯ ಮಾತು ಬಂದಾಗ ಊರಿನ ಕಡೆಗೂ ನೋಡದೆ ವಿಧಿಯಿಲ್ಲ. ಕರ್ನಾಟಕದಲ್ಲಿ ಗಾಳ ಮತ್ತು ಬಲೆ ಜಾತಿಯ ಗುರುತುಗಳು. ಬೆಸ್ತರ ಕೇರಿ, ಮೀನಿನ ವಾಸನೆ ಎಂಬ ಮಾತುಗಳನ್ನು ಮೂಗು ಮುಚ್ಚಿಕೊಂಡು ಆಡುತ್ತ ಬೆಳೆದ ಮನೆಗಳ ಮಕ್ಕಳೇ ಇಲ್ಲಿ ಗಾಳ ಹಿಡಿದಾಗ ಅದು ಪ್ರಕೃತಿಪ್ರೇಮವಾಗುತ್ತದೆ, ಧ್ಯಾನವಾಗುತ್ತದೆ. ಅಲ್ಲಿ ಕಸುಬಾಗಿ ಕೀಳಾದದ್ದು ಇಲ್ಲಿ ಖರ್ಚಾಗಿ ಮೇಲಾಗುತ್ತದೆ. ಕಾವೇರಿಯ ಭೀಮೇಶ್ವರಿಯಲ್ಲೂ ನಡೆದದ್ದು ಬೇರೆಯಲ್ಲ. ಸರ್ಕಾರಿ ಶಿಬಿರದ ಅತಿಥಿ ಮಶೀರ್ ಮೀನಿಗೆ ಗಾಳ ಹಾಕಿದರೆ ಅದು ಕ್ರೀಡೆಯಾಗಿತ್ತು, ದಡದ ಹಳ್ಳಿಯವನು ಹಾಕಿದರೆ ಕಳ್ಳತನ. ನಾಗರಹೊಳೆಯ ಮೂರ್ಕಲ್‌ನಲ್ಲಿ ಒಂದು ದೊಡ್ಡ ಹೋಟೆಲ್ ಸಮೂಹಕ್ಕೆ ಕಾಡಿನ ವಸತಿಗೃಹ ಗುತ್ತಿಗೆ ಕೊಟ್ಟಾಗ ಆದಿವಾಸಿಗಳು ಎದ್ದುನಿಂತರು, ಅವರ ಮೊಕದ್ದಮೆಯಲ್ಲಿ 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆಯನ್ನು ಒಪ್ಪಲಿಲ್ಲ. ಆ ಹೋರಾಟವನ್ನು ಅಭಿಮಾನದಿಂದ ನೆನೆಯುವ ಅನಿವಾಸಿ ಪ್ರಗತಿಪರರು ಕಡಿಮೆಯಿಲ್ಲ. ಜೇನುಕುರುಬರ ಪರ ಬರೆದ ಕೈಯೇ, ಒಜಿಬ್ವೆ ಹೆಸರನ್ನೂ ಕೇಳದೆ ಒಜಿಬ್ವೆ ನೀರಿನ ಮೇಲಿನ ಮನೆಗೆ ಮುಂಗಡ ಹಣ ಕಟ್ಟುತ್ತದೆ. ಅನ್ಯಾಯ ಕಾಣಿಸಲು ಅದು ಸಾಕಷ್ಟು ದೂರದಲ್ಲಿರಬೇಕು ಎಂಬ ಪ್ರಗತಿಪರತೆ ಇದು.

ವಲಸೆ ಬಂದವರಿಗೆ 1837ರ ಪಾಪ ಅಂಟುವುದಿಲ್ಲ ಎಂಬ ವಾದವೂ ಇದೆ. ಪಾಪದ ಪ್ರಶ್ನೆಯೇ ಅಲ್ಲ ಇದು, ಪಾಲಿನ ಪ್ರಶ್ನೆ. ಪರವಾನಗಿ ಕೊಂಡವರೆಲ್ಲ ಆ ಒಪ್ಪಂದದ ಫಲದಲ್ಲಿ ಪಾಲು ಪಡೆಯುತ್ತಾರೆ. ಫಲ ಬೇಕು, ಒಪ್ಪಂದದ ಇನ್ನೊಂದು ಪಕ್ಷ ಮಾತ್ರ ಬೇಡ ಎನ್ನುವುದು ಯಾರದೋ ದುಡ್ಡಿನಲ್ಲಿ ಎಲ್ಲಮ್ಮನ ಜಾತ್ರೆ ಮಾಡಿದಂತೆ.

ಹಾಗಾದರೆ ಗಾಳವನ್ನು ಬಿಸಾಡಬೇಕೇ? ಬೇಕಿಲ್ಲ. ಮೀನು ಹಿಡಿಯುವುದು ಮನುಷ್ಯರ ಅತಿ ಹಳೆಯ ವಿದ್ಯೆಗಳಲ್ಲಿ ಒಂದು, ಅದನ್ನು ಯಾರಿಂದಲೂ ಕಿತ್ತುಕೊಳ್ಳಬೇಕಿಲ್ಲ. ಪಟ್ಟಿಯನ್ನು ತಿದ್ದಬೇಕು. ಸರೋವರ ಯಾವ ಒಪ್ಪಂದದ ನೆಲದಲ್ಲಿದೆ, ಅಲ್ಲಿ ಯಾರ ಹಕ್ಕು ಇಂದಿಗೂ ನಡೆಯುತ್ತಿದೆ ಎಂಬುದು ಅದರ ಮೊದಲ ಸಾಲಾಗಬೇಕು. ಮೂಲನಿವಾಸಿ ಸಮುದಾಯಗಳೇ ನಡೆಸುವ ಲಾಡ್ಜ್‌ಗಳಿವೆ. ಅವನ್ನು ಮೊದಲು ಹುಡುಕಬೇಕು. ಮಾರ್ಗದರ್ಶಿಗೆ ದಿನಕ್ಕೆ ಎಷ್ಟು ಸಿಗುತ್ತದೆ ಎಂದು ಲಾಡ್ಜ್‌ನವರನ್ನು ಕೇಳಬೇಕು, ಉತ್ತರ ಕೊಡದ ಲಾಡ್ಜ್ ಬಿಡಬೇಕು. ಸೀಸ ಬಿಟ್ಟು ಟಂಗ್‌ಸ್ಟನ್ ಕೊಳ್ಳಬೇಕು, ತಿನ್ನುವಷ್ಟನ್ನೇ ಹಿಡಿಯಬೇಕು. ಆ ನೀರಿನ ಮೀನಿನಲ್ಲಿ ಪಾದರಸ ಎಷ್ಟಿದೆ, ಗರ್ಭಿಣಿಯರು ಮತ್ತು ಮಕ್ಕಳು ಎಷ್ಟು ತಿನ್ನಬಹುದು ಎಂಬ ಸರ್ಕಾರಿ ಸೂಚನೆಯನ್ನು ಓದಬೇಕು. ಓದುವಾಗ, ಅಂಥ ಸೂಚನೆ ಬರುವುದಕ್ಕೂ ಮುಂಚೆ ತಿಂದವರು ಯಾರು ಎಂಬುದನ್ನೂ ನೆನೆಯಬೇಕು. ಒಲೆಯ ಮುಂದಿನ ಹರಟೆಯಲ್ಲಿ ಯಾರಾದರೂ ಬಲೆಗಳ ಮೇಲೆ ದೂರು ಹೇಳಿದರೆ, 1997ರಲ್ಲಿ ರೆಡ್ ಲೇಕ್‌ನಲ್ಲಿ ಬಲೆಗಳನ್ನು ಮೇಲೆತ್ತಿದವರು ಯಾರು ಎಂದು ಕೇಳಬೇಕು.

ಇದರಿಂದ ಪ್ರವಾಸದ ಸುಖ ಕೆಡುತ್ತದೆ ಎನ್ನುವವರು ಇರಬಹುದು. 2023ರ ಡಿಸೆಂಬರ್ ಕೊನೆಯಲ್ಲಿ, ಬೆಚ್ಚಗಿನ ಚಳಿಗಾಲದ ತೆಳ್ಳನೆಯ ಮಂಜುಗಡ್ಡೆ ಅಪ್ಪರ್ ರೆಡ್‌ನಲ್ಲಿ ಒಡೆದು ತೇಲಿ, ಅದರ ಮೇಲಿದ್ದ ನೂರಕ್ಕೂ ಹೆಚ್ಚು ಜನರನ್ನು ರಕ್ಷಿಸಬೇಕಾಯಿತು. ಆ ದಿನದ ನಂತರ ಮಂಜುಗಡ್ಡೆಯ ದಪ್ಪವನ್ನು ಅಳೆಯದೆ ಕಾಲಿಡುವವರನ್ನು ಎಲ್ಲರೂ ಮೂರ್ಖರೆನ್ನುತ್ತಾರೆ. ಕಾಲಡಿಯ ನೀರು ಯಾರದೆಂದು ಕೇಳದೆ ಕಾಲಿಡುವುದೂ ಅಷ್ಟೇ ನಾಚಿಕೆಯ ಸಂಗತಿಯಾಗುವವರೆಗೆ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಬೇಕಾಗಿದೆ.