ಯಂತ್ರ ಹಂಚಿದ್ದು ಸಾಕು, ಹೊಲಿಯಲು ಬಟ್ಟೆ ಕೊಡಿ



ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಒಂದೇ ನಮೂನೆಯ ಫೋಟೊ ಬರುತ್ತದೆ. ಶಾಮಿಯಾನದ ಕೆಳಗೆ ಸಾಲಾಗಿ ಇಟ್ಟ ಹೊಲಿಗೆ ಯಂತ್ರಗಳು, ಅವುಗಳ ಮೇಲೆ ಕೈಯಿಟ್ಟು ನಿಂತ ಗಣ್ಯರು, ಹಿಂದಿನ ಸಾಲಿನಲ್ಲಿ ಅರ್ಧ ಮುಖ ಮರೆಯಾದ ಹೆಣ್ಣುಮಕ್ಕಳು. ‘ಮಹಿಳೆಯರು ಉದ್ಯಮಿಗಳಾಗಲಿ’ ಎಂಬ ತಲೆಬರಹ. ಉಪ್ಪಿನಬೆಟಗೇರಿಯಲ್ಲಿ ಜಂಪರ ಹೊಲಿದು ಸಂಸಾರ ನಡೆಸುವ ನನಗೆ ಈ ಹಂಚಿಕೆಯ ಬಗ್ಗೆಯೇ ತಕರಾರಿದೆ.

ಒಂದು ಓಣಿಗೆ ಹತ್ತು ಯಂತ್ರ ಬಂದರೆ ಹತ್ತು ಅಂಗಡಿ ಏಳುವುದಿಲ್ಲ. ನಿನ್ನೆಯವರೆಗೆ ನನ್ನ ಗಿರಾಕಿಯಾಗಿದ್ದವಳು ಇಂದು ತನ್ನ ಮನೆಯ ಬಟ್ಟೆ ತಾನೇ ಹೊಲಿದುಕೊಳ್ಳುತ್ತಾಳೆ, ಬಾಜೂ ಮನೆಯವರದ್ದನ್ನು ನನಗಿಂತ ಐವತ್ತು ರೂಪಾಯಿ ಕಡಿಮೆಗೆ ಹೊಲಿದು ಕೊಡುತ್ತಾಳೆ. ಅವಳದೇನೂ ತಪ್ಪಿಲ್ಲ, ಅವಳಿಗೂ ಮಕ್ಕಳಿದ್ದಾರೆ. ಆದರೆ ಇರುವಷ್ಟೇ ಕೆಲಸವನ್ನು ಹತ್ತು ಜನ ಹಂಚಿಕೊಂಡು ಹತ್ತೂ ಜನ ಅರ್ಧ ಹೊಟ್ಟೆಯಲ್ಲಿರುತ್ತೇವೆ. ಅಸ್ತರ್ ಹಾಕಿದ ಜಂಪರಕ್ಕೆ ₹250 ಅಂದರೆ ‘ಏನಕ್ಕಾ, ಇಷ್ಟ್ಯಾಕ?’ ಅನ್ನುತ್ತಾರೆ. ಅದೇ ಕೆಲಸಕ್ಕೆ ಹುಬ್ಬಳ್ಳಿಯ ಬೊಟಿಕ್‌ನಲ್ಲಿ ಎರಡು ಮೂರು ಪಟ್ಟು ಎಣಿಸಿ ಬರುತ್ತಾರೆ. ಇಲ್ಲಿ ಮೇಲಾಗಿ ಉದ್ರಿ. ‘ಸುಗ್ಗಿ ಮುಗೀಲಿ’ ಅನ್ನುವವರಿಗೆ ಆಗೋದಿಲ್ಲ ಅನ್ನಲು ಬಾಯಿ ಬರುವುದಿಲ್ಲ, ಎಲ್ಲರೂ ಬೀಗರು, ಬಳಗದವರೇ. ಪಂಚಮಿಗೆ, ದೀಪಾವಳಿಗೆ, ಲಗ್ನದ ದಿನಗಳಲ್ಲಿ ರಾತ್ರಿಯಿಡೀ ಕೂತರೂ ಕೆಲಸ ಮುಗಿಯದು. ಆಷಾಢದಲ್ಲಿ ಯಂತ್ರದ ಮುಚ್ಚಳ ತೆಗೆಯುವುದೂ ಇಲ್ಲ.

ಫ್ಯಾಷನ್ ಎಂಬುದು ಬೆಂಗಳೂರಿನವರ ಮಾತು ಎಂದು ಯಾರೂ ಮೂಗು ಮುರಿಯಬೇಕಿಲ್ಲ. ಹೊಲಕ್ಕೆ ಹೋಗುವ ಹುಡುಗಿಯೂ ಮೊಬೈಲ್ ತೋರಿಸಿ ‘ಇದೇ ನೆಕ್ ಬೇಕು, ತೋಳಿಗೆ ಆರಿ ವರ್ಕ್ ಬೇಕು’ ಅನ್ನುತ್ತಾಳೆ. ಪಿಕೋ, ಫಾಲು, ಸೀರೆಯ ಕುಚ್ಚು, ಗುಳೇದಗುಡ್ಡದ ಖಣದಲ್ಲಿ ಪ್ರಿನ್ಸೆಸ್ ಕಟ್ ಎಲ್ಲವೂ ಹಳ್ಳಿಯಲ್ಲೇ ಆಗುತ್ತದೆ. ತರಬೇತಿಗೂ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಉದ್ಯಮಶೀಲತೆ ಕಲಿಸುವ ಸಿಡಾಕ್ ಸಂಸ್ಥೆಯ ಕೇಂದ್ರ ಕಚೇರಿಯೇ ಧಾರವಾಡದಲ್ಲಿದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸೂ ಪುಕ್ಕಟೆ. ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋಗಿ ಅಸ್ತರ್, ಲೇಸು, ಡೋರಿ ತರುವ ಖರ್ಚು ಅಷ್ಟು ಉಳಿಯಿತೆಂದು ನಾನು ಸರ್ಕಾರಕ್ಕೆ ಮನಸ್ಸಿನಿಂದಲೇ ಶರಣು ಹೇಳಿದ್ದೇನೆ. ಇಲ್ಲದಿರುವುದು ದುಡ್ಡು ಮತ್ತು ವರ್ಷವಿಡೀ ಕೆಲಸ.

ದುಡ್ಡಿನ ಮಾತು ನೋಡಿ. ಮಹಿಳಾ ಅಭಿವೃದ್ಧಿ ನಿಗಮದ ‘ಉದ್ಯೋಗಿನಿ’ಯಲ್ಲಿ ₹3 ಲಕ್ಷದವರೆಗೆ ಸಾಲವಿದೆ. ಸಾಮಾನ್ಯ ವರ್ಗದವರಿಗೆ ಅದರಲ್ಲಿ ಶೇ 30, ಗರಿಷ್ಠ ₹90,000 ಸಹಾಯಧನ. ಪರಿಶಿಷ್ಟರಿಗೆ ಶೇ 50. ಯೋಜನೆ ಒಳ್ಳೆಯದೇ. ಆದರೆ ಸಾಮಾನ್ಯ ವರ್ಗದವಳ ಇಡೀ ಕುಟುಂಬದ ವರ್ಷದ ಆದಾಯ ₹1.5 ಲಕ್ಷ ದಾಟಬಾರದು, ಅಂದರೆ ತಿಂಗಳಿಗೆ ₹12,500. ಸಾಲ ಕೊಡಬೇಕಾದ್ದು ಬ್ಯಾಂಕು. ಬ್ಯಾಂಕಿನವರು ಕೇಳುವುದು ಕಂತು ಕಟ್ಟುವಷ್ಟು ಆದಾಯದ ದಾಖಲೆ. ಒಂದು ಮೇಜಿನ ಮುಂದೆ ಬಡವಳೆಂದು ಸಾಬೀತು ಮಾಡಬೇಕು, ಇನ್ನೊಂದರ ಮುಂದೆ ಉಳ್ಳವಳೆಂದು. ನಾನು ಹೋದ ಬ್ಯಾಂಕೊಂದರಲ್ಲಿ ಕಾಗದವನ್ನೆಲ್ಲ ತಿರುವಿ ನೋಡಿ, ಕಡೆಗೆ ‘ಯಜಮಾನ್ರನ್ನ ಕರ್ಕೊಂಡ ಬರ್ರಿ’ ಅಂದರು. ಹೊಲಿಯುವವಳು ನಾನು, ಲೆಕ್ಕ ಇಡುವವಳು ನಾನು, ಯಜಮಾನರಿಗೆ ಗುಂಡಿ ಹಚ್ಚಲೂ ಬಾರದು. ಕೇಂದ್ರದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯವರೂ ಇದ್ದಾರೆ. ಅಲ್ಲಿ ಶೇ 5ರ ಬಡ್ಡಿಯಲ್ಲಿ ಮೊದಲಿಗೆ ₹1 ಲಕ್ಷ ಸಾಲ, ಸಲಕರಣೆಗೆಂದು ₹15,000 ಉಂಟು. ಆದರೆ ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಗಂಡನೂ ಬಡಿಗತನವನ್ನೋ ಗೌಂಡಿ ಕೆಲಸವನ್ನೋ ಮಾಡುತ್ತಿದ್ದರೆ ಯಾರ ಹೆಸರು ಹೋಗುತ್ತದೆಂದು ಬಿಡಿಸಿ ಹೇಳಬೇಕೇ?

ಇನ್ನು ಕೆಲಸ. ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರದ ಬಟ್ಟೆ ಬರುತ್ತದೆ. ಹೊಲಿಸುವ ಹೊಣೆ ಪೋಷಕರದು. ಒಬ್ಬರು ಪೇಟೆಯಲ್ಲಿ ಹೊಲಿಸುತ್ತಾರೆ, ಒಬ್ಬರು ಓಣಿಯಲ್ಲಿ, ಇನ್ನೊಬ್ಬರು ಕೂಲಿಗೆ ದುಡ್ಡಿಲ್ಲದೆ ಬಟ್ಟೆಯನ್ನು ಟ್ರಂಕಿನಲ್ಲೇ ಇಡುತ್ತಾರೆ. ತಮಿಳುನಾಡಿನಲ್ಲಿ ಶಾಲಾ ಮಕ್ಕಳ ಸಮವಸ್ತ್ರವನ್ನು ಸಮಾಜ ಕಲ್ಯಾಣ ಇಲಾಖೆಯ ಅಡಿಯ ಮಹಿಳಾ ಹೊಲಿಗೆ ಸಹಕಾರ ಸಂಘಗಳಿಂದ ಹೊಲಿಸುವ ಪದ್ಧತಿ ಹಳೆಯದು. ತೆಲಂಗಾಣದಲ್ಲಿ ಈ ಕೆಲಸ ಸ್ವಸಹಾಯ ಗುಂಪುಗಳಿಗೆ ಹೋಗಿದೆ; 2024ರಲ್ಲಿ ಜೋಡಿಗೆ ₹50 ಇದ್ದ ಹೊಲಿಗೆ ಕೂಲಿಯನ್ನು ₹75 ಮಾಡಿದರು. ಆ ದರ ನನಗೆ ಕಡಿಮೆಯೇ ಅನ್ನಿಸುತ್ತದೆ. ಆದರೂ ಪದ್ಧತಿ ಸರಿ. ಧಾರವಾಡ ತಾಲ್ಲೂಕಿನ ಶಾಲೆಗಳ ಸಮವಸ್ತ್ರವನ್ನು ಆಯಾ ಊರಿನ ಹೆಣ್ಣುಮಕ್ಕಳೇ ಹೊಲಿದರೆ ಯಾರಿಗೆ ನಷ್ಟ? ‘ಚಡ್ಡಿ ಅಂಗಿ ಹೊಲಿಯುವುದು ಫ್ಯಾಷನ್ ಉದ್ಯಮವೇ?’ ಎಂದು ಕೇಳುವವರಿದ್ದಾರೆ. ಅಲ್ಲ. ಆದರೆ ವರ್ಷಕ್ಕೊಮ್ಮೆ ಖಾತ್ರಿಯಾಗಿ ಬರುವ ಆ ಹಣದಿಂದ ಓವರ್‌ಲಾಕ್ ಯಂತ್ರ ಬರುತ್ತದೆ, ಅಸ್ತರ್ ಬಟ್ಟೆ ಮೀಟರ್ ಲೆಕ್ಕದ ಬದಲು ಥಾನಿನ ಲೆಕ್ಕದಲ್ಲಿ ಬರುತ್ತದೆ, ಉದ್ರಿ ಕೇಳುವವರ ಮುಂದೆ ಸ್ವಲ್ಪ ಧೈರ್ಯ ಬರುತ್ತದೆ. ಹೊಸ ಕಟಿಂಗ್ ಹಾಕಿ ನೋಡುವಾಗ ಬಟ್ಟೆ ಹಾಳಾದರೂ ಚಿಂತೆಯಿಲ್ಲ ಎಂಬ ಸ್ಥಿತಿ ಬೇಕು. ಅದಿಲ್ಲದವಳು ಜೀವನಪೂರ್ತಿ ಅಳತೆ ಜಂಪರವನ್ನೇ ನಕಲು ಮಾಡುತ್ತಿರುತ್ತಾಳೆ.

ಕೈಕಸಬು ಎಷ್ಟೇ ಇದ್ದರೂ ಕೆಲಸ ತಪ್ಪಿದರೆ ಏನಾಗುತ್ತದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಿಂದ ಇರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸುತ್ತದೆ. ಅಲ್ಲಿ ದುಡಿಯುವವರು ಬಹುಪಾಲು ಹೆಣ್ಣುಮಕ್ಕಳು, ಒಂದು ಎಳೆ ಆಚೀಚೆಯಾದರೂ ಧ್ವಜ ತಿರಸ್ಕಾರವಾಗುವಂಥ ಕಟ್ಟುನಿಟ್ಟು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಟ್ಟೆಯ, ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಒಪ್ಪಿಗೆ ಕೊಟ್ಟ ಮೇಲೆ ಬೇಡಿಕೆ ಕುಸಿಯಿತು, ಸಂಘದವರು ಬೀದಿಗಿಳಿಯಬೇಕಾಯಿತು. ಅವರ ಕೈ ಆಗಲೂ ಅಷ್ಟೇ ಚುರುಕಾಗಿತ್ತು.

ಧಾರವಾಡದ ಹೆಸರನ್ನು ಹೊರಗೆ ಒಯ್ದ ಕಸೂತಿಯ ಕತೆಯೂ ಬೇರೆಯಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಅದರ ಹೊಲಿಗೆಗಳಲ್ಲಿ ಯಾವುದಕ್ಕೂ ಮೊದಲೇ ಗೆರೆ ಹಾಕಿಕೊಳ್ಳುವಂತಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡಬೇಕು. ಗವಂತಿಯಂತೂ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಬೀಳಬಾರದು. ಇದಕ್ಕೆ 2006ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಅದರ ಹಕ್ಕು ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ್ದು. ಕಾನೂನಿನ ಪ್ರಕಾರ ಕಸೂತಿ ಹಾಕುವವಳು ‘ಅಧಿಕೃತ ಬಳಕೆದಾರಳು’ ಎಂದು ನೋಂದಾಯಿಸಿಕೊಳ್ಳಬಹುದು. ನಾನು ಬಲ್ಲ ಕಸೂತಿ ಕೈಗಳಲ್ಲಿ ಒಬ್ಬಳಿಗೂ ಹಾಗೊಂದು ನೋಂದಣಿ ಇದೆಯೆಂಬ ಸುದ್ದಿಯೇ ಇಲ್ಲ. ಬಟ್ಟೆ, ದಾರ ಮನೆಗೆ ಬರುತ್ತದೆ, ಪೀಸ್ ಲೆಕ್ಕದಲ್ಲಿ ಕೂಲಿ ಸಿಗುತ್ತದೆ, ಹೆಸರು ಬೊಟಿಕ್‌ನದು. ಅತ್ತ ಮಾರುಕಟ್ಟೆಯಲ್ಲಿ ಅಚ್ಚು ಹೊಡೆದ ಕಸೂತಿ ಚಿತ್ರದ ಸೀರೆಯೂ ‘ಕಸೂತಿ’ ಎಂದೇ ಬಿಕರಿಯಾಗುತ್ತದೆ. ಬೊಟಿಕ್ ನಡೆಸುವವರನ್ನು ನಾನು ಬೈಯುವುದಿಲ್ಲ. ಅವರಲ್ಲೂ ಕಷ್ಟಪಟ್ಟು ಮೇಲೆ ಬಂದ ಹೆಣ್ಣುಮಕ್ಕಳಿದ್ದಾರೆ, ಅವರಿಂದಲೇ ಈ ಕಲೆ ಉಳಿದಿದೆ. ಆದರೆ ಎಳೆ ಎಣಿಸುವವಳೂ ತನ್ನ ಹೆಸರಿನಲ್ಲಿ ಮಾರುವಂತಾಗಬೇಕು. ನಿಗಮದವರು ಹಳ್ಳಿಗೆ ಬಂದು ಪಂಚಾಯಿತಿ ಕಟ್ಟಡದಲ್ಲಿ ಒಂದು ದಿನ ಕೂತು ನೋಂದಣಿ ಮಾಡಿಕೊಂಡು ಹೋದರೆ ಅದಕ್ಕೆಷ್ಟು ಖರ್ಚಾದೀತು?

ಜಿಲ್ಲಾ ಪಂಚಾಯಿತಿಗೂ ಶಿಕ್ಷಣ ಇಲಾಖೆಗೂ ನನ್ನ ವಿನಂತಿ ಇಷ್ಟೆ. ಮುಂದಿನ ವರ್ಷದ ಸಮವಸ್ತ್ರದ ಬಟ್ಟೆ ಬರುವ ಮುಂಚೆ ಧಾರವಾಡ ತಾಲ್ಲೂಕಿನ ಕೆಲವು ಊರುಗಳಲ್ಲಾದರೂ ಹೊಲಿಗೆಯನ್ನು ಹೆಣ್ಣುಮಕ್ಕಳ ಗುಂಪುಗಳಿಗೆ ವಹಿಸಿ, ಕೂಲಿಯನ್ನು ತಿಂಗಳೊಳಗೆ ಖಾತೆಗೆ ಹಾಕಿ ನೋಡಿ. ಉಪ್ಪಿನಬೆಟಗೇರಿಯಿಂದಲೇ ಶುರು ಮಾಡುವುದಾದರೆ ಇಲ್ಲಿ ಯಂತ್ರಗಳು ಬೇಕಾದಷ್ಟಿವೆ, ಹೊಸದಾಗಿ ಹಂಚಬೇಕಿಲ್ಲ.

ಒಬ್ಬ ಹೊಲಿಗೆಗಾರ್ತಿ
ಉಪ್ಪಿನಬೆಟಗೇರಿ, ಧಾರವಾಡ ತಾಲ್ಲೂಕು