ಗ್ರಾಫಿಕ್ಸ್ ಕಾರ್ಡಿನ ಆಯ್ಕೆ ಮತ್ತು ಮೂಡಿಗೆರೆಯ ಒಂದು ಹಳೆಯ ವಾದ

ಪೂರ್ಣಚಂದ್ರ ತೇಜಸ್ವಿಯವರನ್ನು ಕುರಿತು ಬರೆಯುವವರು ಹಕ್ಕಿಗಳ ಛಾಯಾಚಿತ್ರ, ಮೀನು ಶಿಕಾರಿ, ಕಾಫಿ ತೋಟ ಇವುಗಳನ್ನು ವಿಸ್ತಾರವಾಗಿ ವರ್ಣಿಸುತ್ತಾರೆ; ಕಂಪ್ಯೂಟರಿನ ವಿಷಯವನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತಾರೆ. ಇದು ನ್ಯಾಯವಲ್ಲ. ಮೂಡಿಗೆರೆಯ ‘ನಿರುತ್ತರ’ದಲ್ಲಿದ್ದುಕೊಂಡೇ ಅವರು ಕನ್ನಡ ತಂತ್ರಾಂಶಕ್ಕಾಗಿ ಪಟ್ಟುಹಿಡಿದು ವಾದಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ಕುವೆಂಪು ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು.

ಅವರ ಕಾಲದ ತೊಡಕು ಅಕ್ಷರಕ್ಕೆ ಸಂಬಂಧಿಸಿದ್ದು. ಶ್ರೀಲಿಪಿ, ಬರಹ, ನುಡಿ ಮುಂತಾದವುಗಳಲ್ಲಿ ಒಂದರಲ್ಲಿ ಬೆರಳಚ್ಚಾದ ಪಠ್ಯ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತಿತ್ತು. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಲು ಸಂಶೋಧಕರು ಇಂದಿಗೂ ಬೆವರು ಸುರಿಸುತ್ತಿದ್ದಾರೆ. ಪಠ್ಯ ಬರೆದವನದು, ಅದನ್ನು ತೆರೆಯುವ ಕೀಲಿಕೈ ಮಾತ್ರ ಬೇರೆಯವರದು ಎಂಬ ಈ ವಿಚಿತ್ರ ಸ್ಥಿತಿ ಅಕ್ಷರದ ಮಟ್ಟಿಗೆ ಬಹುಪಾಲು ನಿವಾರಣೆಯಾಗಿದೆ. ಯಂತ್ರದ ಒಳಗೆ, ಗ್ರಾಫಿಕ್ಸ್ ಕಾರ್ಡಿನ ರೂಪದಲ್ಲಿ, ಅದು ಇನ್ನೂ ಉಳಿದಿದೆ.

ಲಿನಕ್ಸ್ ಮತ್ತು ಬಿಎಸ್‌ಡಿಗಳಂಥ ಯುನಿಕ್ಸ್ ಪರಂಪರೆಯ ಸ್ವತಂತ್ರ ವ್ಯವಸ್ಥೆಗಳನ್ನು ಬಳಸುವ ಸಾಹಿತ್ಯ ವಿದ್ಯಾರ್ಥಿಗಳ ಸಂಖ್ಯೆ ದೊಡ್ಡದಲ್ಲ. ಆದರೆ ಅವರ ಅಗತ್ಯ ನಿಜವಾದದ್ದು. ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದರೆ ಹೊಯ್ಸಳರ ಮೂಲಸ್ಥಾನವೆನಿಸಿದ ಸೊಸೆವೂರು, ಅಲ್ಲಿನ ಬಸದಿಗಳ ಶಾಸನಗಳನ್ನು ಚಿತ್ರೀಕರಿಸಿಕೊಂಡು ಬಂದ ಸಂಶೋಧಕ ಆ ಚಿತ್ರಗಳನ್ನು ತೆರೆಯ ಒಂದು ಬದಿಯಲ್ಲಿಯೂ 1901ರಲ್ಲಿ ರೈಸ್ ಪ್ರಕಟಿಸಿದ ಕಡೂರು ಜಿಲ್ಲೆಯ ಶಾಸನ ಸಂಪುಟವನ್ನು ಇನ್ನೊಂದು ಬದಿಯಲ್ಲಿಯೂ ಇಟ್ಟು ಅಕ್ಷರ ಅಕ್ಷರವಾಗಿ ತಾಳೆ ನೋಡಬೇಕು. ಇದಕ್ಕೆ ಬೇಕಾದದ್ದು ಆಟಗಳ ವೇಗವಲ್ಲ, ಹತ್ತು ವರ್ಷ ಕೈಕೊಡದ ಸ್ಥಿರತೆ.

ಕಾರ್ಡಿಗೂ ವ್ಯವಸ್ಥೆಗೂ ನಡುವೆ ನಿಂತು ಅರ್ಥ ಹೇಳುವ ತಂತ್ರಾಂಶವೇ ಡ್ರೈವರ್. ಕೆಲವು ಟೀಕೆಗಳು ಮೂಲದೊಡನೆ ಒಂದೇ ಕಟ್ಟಿನಲ್ಲಿ ಸಾಗಿ ಬರುತ್ತವೆ. ಪ್ರತಿಯಿಂದ ಪ್ರತಿಗೆ ಇವೂ ಉಳಿಯುತ್ತವೆ. ಬೇರೆ ಕಟ್ಟಿನಲ್ಲಿದ್ದ ಟೀಕೆ ಕಳೆದುಹೋದರೆ ಮೂಲ ಒಗಟಾಗುತ್ತದೆ. ಡ್ರೈವರುಗಳಲ್ಲಿಯೂ ಈ ಎರಡು ಬಗೆಗಳುಂಟು. ಲಿನಕ್ಸ್ ಕರ್ನಲ್ಲಿನ ಒಳಗೆ ಮತ್ತು ಮೆಸಾ ಎಂಬ ಮುಕ್ತ ತಂತ್ರಾಂಶ ಸಂಗ್ರಹದ ಒಳಗೆ ಇರುವ ಡ್ರೈವರ್ ವ್ಯವಸ್ಥೆಯೊಡನೆ ತಾನೂ ಪರಿಷ್ಕೃತಗೊಳ್ಳುತ್ತದೆ. ಕಂಪನಿ ಪ್ರತ್ಯೇಕವಾಗಿ ಕೊಡುವ ಮುಚ್ಚಿದ ಡ್ರೈವರ್ ಕಂಪನಿಯ ಇಚ್ಛೆಯಿರುವವರೆಗೆ ಮಾತ್ರ.

ಎನ್‌ವಿಡಿಯಾ ಬಹುಕಾಲ ಎರಡನೆಯ ಬಗೆಯದು. 2012ರಲ್ಲಿ ಫಿನ್ಲೆಂಡಿನ ಆಲ್ಟೋ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಲಿನಸ್ ಟೊರ್ವಾಲ್ಡ್ಸ್, ತಾವು ವ್ಯವಹರಿಸಿದ ಕಂಪನಿಗಳಲ್ಲೆಲ್ಲ ಇದೇ ಅತ್ಯಂತ ಕೆಟ್ಟದ್ದೆಂದು ಬಹಿರಂಗವಾಗಿ ಹೇಳಿ, ಬೆರಳಿನಿಂದ ಅಸಭ್ಯ ಸಂಜ್ಞೆಯನ್ನೂ ಮಾಡಿದರು. ಸಂಜ್ಞೆ ಅಶೋಭನೀಯ, ದೂರು ಸಕಾರಣ. ಸ್ವಯಂಸೇವಕರು ಕಾರ್ಡುಗಳ ನಡವಳಿಕೆಯನ್ನು ಪರೀಕ್ಷಿಸಿ ಪರೀಕ್ಷಿಸಿ ‘ನೂವೋ’ ಎಂಬ ಮುಕ್ತ ಡ್ರೈವರನ್ನು ಕಟ್ಟಿದ್ದರು. ಮುಂದೆ 900 ಸಾಲಿನ ಕಾರ್ಡುಗಳು ಕಂಪನಿಯ ಸಹಿಯಿರುವ ಫರ್ಮ್‌ವೇರನ್ನೇ ಕೇಳತೊಡಗಿದ ಮೇಲೆ, ನೂವೋ ಆ ಕಾರ್ಡುಗಳನ್ನು ಪೂರ್ಣ ವೇಗದಲ್ಲಿ ಓಡಿಸಲಾರದೆ ಹೋಯಿತು. 2022ರ ಮೇ ತಿಂಗಳಲ್ಲಿ ಕಂಪನಿ ಟ್ಯೂರಿಂಗ್ ಮತ್ತು ಅನಂತರದ ಪೀಳಿಗೆಗಳಿಗೆ ಕರ್ನಲ್ ಭಾಗದ ಆಕರವನ್ನು ಬಿಡುಗಡೆ ಮಾಡಿತು. ಸ್ವಾಗತಾರ್ಹ ಹೆಜ್ಜೆಯಾದರೂ ಅದರ ಮೇಲಿನ ಸ್ತರ ಮುಚ್ಚಿಯೇ ಇದೆ.

ಎಎಂಡಿಯ ಇತಿಹಾಸ ಬೇರೆ. 2006ರಲ್ಲಿ ಎಟಿಐ ಕಂಪನಿಯನ್ನು ಕೊಂಡ ಅದು ಮರುವರ್ಷವೇ ಕಾರ್ಡುಗಳ ತಾಂತ್ರಿಕ ದಾಖಲೆಗಳನ್ನು ಪ್ರಕಟಿಸಲು ತೊಡಗಿತು. 2015ರಲ್ಲಿ ಅದರ ಹೊಸ ಡ್ರೈವರ್ ಕರ್ನಲ್ಲನ್ನೇ ಸೇರಿತು. ಪರಿಣಾಮವನ್ನು ಹೀಗೆ ಹೋಲಿಸಬಹುದು. 2012ರಲ್ಲಿ ಬಂದ ಎನ್‌ವಿಡಿಯಾ ಕೆಪ್ಲರ್ ಪೀಳಿಗೆಗೆ ಕಂಪನಿಯ ಬೆಂಬಲ 2024ರಲ್ಲಿ ನಿಂತಿತು. ಅದೇ ಕಾಲದ ರೇಡಿಯಾನ್ ಎಚ್‌ಡಿ 7000 ಸಾಲಿನ ಕಾರ್ಡುಗಳ ಡ್ರೈವರ್ ಇಂದಿಗೂ ಕರ್ನಲ್ ಮತ್ತು ಮೆಸಾಗಳ ಒಳಗಿದೆ. ಸೆಕೆಂಡ್‌ಹ್ಯಾಂಡ್ ಯಂತ್ರಗಳನ್ನು ನೆಚ್ಚಿಕೊಂಡ ವಿದ್ಯಾರ್ಥಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ. ಆದರೂ ಎಎಂಡಿಯನ್ನು ಪೂರ್ಣ ಮುಕ್ತವೆಂದು ಹೊಗಳುವುದು ಉತ್ಪ್ರೇಕ್ಷೆ. ಅದರ ಫರ್ಮ್‌ವೇರ್ ಮುಚ್ಚಿದ್ದೇ. ತತ್ತ್ವನಿಷ್ಠ ಡೆಬಿಯನ್ ಸಮುದಾಯ 2022ರಲ್ಲಿ ಮತ ಹಾಕಿ, ಇಂಥ ಫರ್ಮ್‌ವೇರಿಗೆ ತನ್ನ ಅನುಸ್ಥಾಪನಾ ಪ್ರತಿಯಲ್ಲಿಯೇ ಎಡೆಗೊಟ್ಟದ್ದು ಈ ಅನಿವಾರ್ಯತೆಯಿಂದ.

ಬಿಎಸ್‌ಡಿ ಬಳಸುವವರಿಗೆ ದಾರಿ ಇನ್ನೂ ಕಿರಿದು. ಫ್ರೀಬಿಎಸ್‌ಡಿ ಲಿನಕ್ಸಿನ ಡ್ರೈವರುಗಳನ್ನು ಎರವಲು ತರುವುದರಿಂದ ಹೊಚ್ಚಹೊಸ ಕಾರ್ಡುಗಳಿಗೆ ತುಸು ಕಾಯಬೇಕು. ಎನ್‌ವಿಡಿಯಾ ತನ್ನ ಮುಚ್ಚಿದ ಡ್ರೈವರನ್ನು ಅದಕ್ಕೂ ಕೊಡುತ್ತದೆ. ಓಪನ್‌ಬಿಎಸ್‌ಡಿ ಮುಚ್ಚಿದ ಡ್ರೈವರನ್ನು ಒಲ್ಲದು. ಅಲ್ಲಿ ಇಂಟೆಲ್ ಅಥವಾ ಎಎಂಡಿಯೇ ಗತಿ.

ಯಂತ್ರಕಲಿಕೆಗೆ ಎನ್‌ವಿಡಿಯಾದ ಕೂಡಾ ಇಲ್ಲದೆ ಆಗದು ಎಂಬ ಆಕ್ಷೇಪಕ್ಕೆ ತೂಕವಿದೆ. ಓಲೆಗರಿಯ ಕೈಬರಹವನ್ನು ಓದಲು ಕ್ರಾಕನ್‌ನಂಥ ತಂತ್ರಾಂಶವನ್ನು ತರಬೇತುಗೊಳಿಸುವವರಿಗೆ ಅದೇ ಸುಗಮ. ಎಎಂಡಿಯ ಪರ್ಯಾಯವಾದ ಆರ್‌ಒಸಿಎಂ ಅಧಿಕೃತವಾಗಿ ಬೆಂಬಲಿಸುವ ಕಾರ್ಡುಗಳು ಕೆಲವೇ. ಆದರೆ ಅಚ್ಚಾದ ಕನ್ನಡ ಪುಸ್ತಕವನ್ನು ಪಠ್ಯವಾಗಿಸುವ ಟೆಸೆರಾಕ್ಟ್ ಸಾಮಾನ್ಯ ಪ್ರೊಸೆಸರಿನ ಮೇಲೆಯೇ ನಡೆಯುತ್ತದೆ. ಅದಕ್ಕಾಗಿ ದುಬಾರಿ ಕಾರ್ಡು ಕೊಳ್ಳುವುದು ಹಣದ ಅಪವ್ಯಯ. ಓದು, ಬರಹ, ಚಿತ್ರಗಳ ತಾಳೆ ಇಷ್ಟೇ ಕೆಲಸವಾದರೆ ಪ್ರೊಸೆಸರಿನೊಳಗಿನ ಇಂಟೆಲ್ ಗ್ರಾಫಿಕ್ಸೇ ಸಾಕು, ಕಾರ್ಡೇ ಬೇಡ.

ಮಲೆನಾಡಿನಲ್ಲಿ ಈ ವಿವೇಕ ನಗರದಲ್ಲಿಗಿಂತ ಹೆಚ್ಚು ಅಗತ್ಯ. ಮುಚ್ಚಿದ ಡ್ರೈವರ್ ಪ್ರತಿ ಕರ್ನಲ್ ಪರಿಷ್ಕರಣೆಗೂ ಹೊಂದಿಕೊಳ್ಳಬೇಕು. ತಪ್ಪಿದರೆ ತೆರೆ ಕಪ್ಪಾಗುತ್ತದೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಕೈಕೊಡುವ ಊರಿನಲ್ಲಿ ಪರಿಹಾರವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳುವುದು ಹೇಗೆ?

ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಪೆನ್‌ಡ್ರೈವಿನಿಂದ ಲಿನಕ್ಸನ್ನು ಚಾಲೂ ಮಾಡಿ ನೋಡಬಹುದು. ಅದು ಹೊಸ ಆವೃತ್ತಿಯೇ ಆಗಿರಲಿ. ಉದಾಹರಣೆಗೆ, 2022ರಲ್ಲಿ ಬಂದ ಇಂಟೆಲ್ ಆರ್ಕ್ ಕಾರ್ಡುಗಳು ಹಳೆಯ ಕರ್ನಲ್ಲಿಗೆ ಅಪರಿಚಿತ. ವ್ಯವಸ್ಥೆಯ ವಿವರದ ಪುಟದಲ್ಲಿ ಗ್ರಾಫಿಕ್ಸ್ ಎಂಬುದರ ಮುಂದೆ ಕಾರ್ಡಿನ ಹೆಸರು ಬಂದರೆ ಮಾತು ಮುಂದುವರಿಸಬಹುದು. ‘ಎಲ್‌ಎಲ್‌ವಿಎಂಪೈಪ್’ ಎಂದು ಬಂದರೆ, ಕಾರ್ಡು ಸುಮ್ಮನೆ ಕುಳಿತಿದೆ, ಚಿತ್ರವನ್ನೆಲ್ಲ ಪ್ರೊಸೆಸರೇ ಬಿಡಿಸುತ್ತಿದೆ ಎಂದರ್ಥ.