ಗಾಳಿಯಂತ್ರ ತೋರಿಸ್ತೀರಿ, ತಿಪ್ಪೆಗುಂಡಿ ಯಾಕೆ ತೋರಿಸಲ್ಲ?

ನೆದರ್‌ಲ್ಯಾಂಡ್ಸ್‌ಗೆ ಎರಡು ಮೂರು ವಾರ ಕರೆದುಕೊಂಡು ಹೋಗಿ 'ಸುಸ್ಥಿರತೆ ಮತ್ತು ಪರಿಸರ ಆವಿಷ್ಕಾರ' ಕಲಿಸುವ ಕೋರ್ಸ್‌ಗಳಿಗೆ ಈಗ ಒಳ್ಳೆ ಬೇಡಿಕೆ. ಅಮೆರಿಕದ ಕಾಲೇಜುಗಳು ಇವನ್ನು ನಡೆಸುತ್ತವೆ. ನಮ್ಮ ಕಡೆಯ ವಿದ್ಯಾರ್ಥಿಗಳೂ ಬೇಸಿಗೆ ಶಾಲೆ ಅಂತ ಹೋಗಿ ಬರುತ್ತಾರೆ. ಬಂದವರು ಪ್ರಮಾಣಪತ್ರ ತರುತ್ತಾರೆ, ಫೋಟೋ ತರುತ್ತಾರೆ. ಆ ದೇಶದ ಅರ್ಧ ಕಥೆಯನ್ನು ಅಲ್ಲೇ ಬಿಟ್ಟು ಬರುತ್ತಾರೆ. ನಮ್ಮ ತಕರಾರು ಆ ಅರ್ಧದ ಬಗ್ಗೆ.

ಇಂಥ ಪ್ರವಾಸಗಳಲ್ಲಿ ಏನೇನು ತೋರಿಸುತ್ತಾರೆ ಅನ್ನುವುದು ಹೆಚ್ಚುಕಮ್ಮಿ ಬಾಯಿಪಾಠ. ಕಿಂಡರ್‌ಡೈಕ್‌ನ 19 ಗಾಳಿಯಂತ್ರ, ಸಮುದ್ರ ತಡೆಯುವ ಬೃಹತ್ ಗೇಟು, ಗಾಜಿನ ಮನೆಯಲ್ಲಿ ಟೊಮೆಟೊ, ವಾಗೆನಿಂಗನ್ ಕೃಷಿ ವಿಶ್ವವಿದ್ಯಾಲಯ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೈಕಲ್ ಸವಾರಿ. ಎಲ್ಲವೂ ನೋಡಬೇಕಾದ್ದೇ, ಇಲ್ಲ ಅನ್ನುವುದಿಲ್ಲ. ಆದರೆ ಯಂತ್ರ ತೋರಿಸಿ, ಆ ಯಂತ್ರಕ್ಕಾಗಿ ಜನ ಮಾಡಿದ ಜಗಳ ಮುಚ್ಚಿಟ್ಟರೆ ಅದು ಕೋರ್ಸ್ ಅಲ್ಲ, ಶೋರೂಮ್.

ಸೈಕಲ್‌ನಿಂದಲೇ ಶುರು ಮಾಡೋಣ. ಡಚ್ಚರು ಹುಟ್ಟಾ ಸೈಕಲ್ ಪ್ರೇಮಿಗಳು ಅನ್ನುವ ಹಾಗೆ ಹೇಳುತ್ತಾರೆ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೇ 400ಕ್ಕೂ ಹೆಚ್ಚು. ಆಗ ತಾಯಂದಿರು, ತಂದೆಯಂದಿರು, ಮಕ್ಕಳು ಬೀದಿಗೆ ಬಂದು ಕೂತರು. 'ಮಕ್ಕಳ ಕೊಲೆ ನಿಲ್ಲಿಸಿ' ಅನ್ನುವುದೇ ಚಳವಳಿಯ ಹೆಸರು. ಆ ಹೆಸರು ಬಂದದ್ದು ಮಗಳನ್ನು ಕಳಕೊಂಡ ಒಬ್ಬ ಪತ್ರಕರ್ತನ ಲೇಖನದ ತಲೆಬರಹದಿಂದ. ಇವತ್ತಿನ ಕೆಂಪು ಸೈಕಲ್ ದಾರಿಗಳ ಕೆಳಗೆ ಈ ಕಥೆ ಇದೆ.

ಇನ್ನು ಸಮುದ್ರದ ಗೇಟು. 1953ರ ಫೆಬ್ರವರಿ 1ರ ನಸುಕಿನಲ್ಲಿ ಉತ್ತರ ಸಮುದ್ರ ನುಗ್ಗಿ 1,836 ಜನ ಸತ್ತರು. ಆಮೇಲೆ ಡೆಲ್ಟಾ ಯೋಜನೆ ಬಂತು. ಈಸ್ಟರ್‌ಸ್ಕೆಲ್ಡ್ ಅನ್ನುವ ಕೊಲ್ಲಿಯನ್ನು ಪೂರ್ತಿ ಕಟ್ಟೆ ಹಾಕಿ ಮುಚ್ಚುವುದು ಇಂಜಿನಿಯರ್‌ಗಳ ಮೊದಲ ಲೆಕ್ಕ. ಮುಚ್ಚಿದರೆ ಉಪ್ಪುನೀರು ಹೋಗುತ್ತೆ, ಸಿಂಪಿ ಹೋಗುತ್ತೆ, ನಮ್ಮ ಅನ್ನ ಹೋಗುತ್ತೆ ಅಂತ ಮೀನುಗಾರರು ಎದ್ದುನಿಂತರು. ಪರಿಸರದವರು ಜೊತೆಗೂಡಿದರು. 1970ರ ದಶಕದಲ್ಲಿ ಸರ್ಕಾರ ನಕ್ಷೆ ಬದಲಿಸಿತು. 1986ರಲ್ಲಿ ಉದ್ಘಾಟನೆಯಾದ ಆ ತಡೆಗೋಡೆಗೆ 62 ಗೇಟು. ದಿನವೂ ತೆರೆದಿರುತ್ತವೆ, ಬಿರುಗಾಳಿ ಬಂದಾಗ ಮಾತ್ರ ಮುಚ್ಚುತ್ತವೆ. ಜಗತ್ತೇ ನೋಡಲು ಹೋಗುವ ಈ ಆವಿಷ್ಕಾರದಲ್ಲಿ ಮೀನುಗಾರರ ಹಟಕ್ಕೂ ಇಂಜಿನಿಯರ್‌ಗಳಷ್ಟೇ ಪಾಲಿದೆ.

ನೀರಿನ ಮಂಡಳಿಗಳೂ ಹಾಗೆಯೇ. 13ನೇ ಶತಮಾನದಿಂದ ಬಂದ ವ್ಯವಸ್ಥೆ. ಈಗ ಅಂಥ 21 ಮಂಡಳಿಗಳಿವೆ. ಅವಕ್ಕೆ ಬೇರೆಯೇ ತೆರಿಗೆ, ನಾಲ್ಕು ವರ್ಷಕ್ಕೊಮ್ಮೆ ಬೇರೆಯೇ ಚುನಾವಣೆ. ಕಟ್ಟೆ ಯಾರು ನೋಡಿಕೊಳ್ಳಬೇಕು, ಕಾಲುವೆಯಲ್ಲಿ ನೀರು ಎಷ್ಟಿರಬೇಕು ಅನ್ನುವುದಕ್ಕೆ ಜನ ವೋಟು ಹಾಕುತ್ತಾರೆ. ಕಾಲುವೆ ಕೊನೆಯ ಹೊಲದವನಿಗೆ ಇದರ ಬೆಲೆ ಗೊತ್ತು. ಪಂಪು ತೋರಿಸುವ ಕೋರ್ಸು ಮತಪೆಟ್ಟಿಗೆಯನ್ನೂ ತೋರಿಸಬೇಕಲ್ಲವೇ?

ಈಗ ತಿಪ್ಪೆಗುಂಡಿಗೆ ಬರೋಣ. ನೆದರ್‌ಲ್ಯಾಂಡ್ಸ್ ಕರ್ನಾಟಕದ ಕಾಲುಭಾಗಕ್ಕಿಂತ ಚಿಕ್ಕದು. ಆದರೂ ಕೃಷಿ ರಫ್ತಿನ ಮೌಲ್ಯದಲ್ಲಿ ಅಮೆರಿಕದ ನಂತರ ಅದರದೇ ಹೆಸರು ಹೇಳುತ್ತಾರೆ. ಈ ಮಾತು ಕೇಳಿ ಚಪ್ಪಾಳೆ ಬೀಳುತ್ತದೆ. ಅಷ್ಟೇ ಜಾಗದಲ್ಲಿ ಸುಮಾರು 38 ಲಕ್ಷ ದನ, ಕೋಟಿಗೂ ಮೀರಿ ಹಂದಿಗಳಿವೆ ಅನ್ನುವುದನ್ನು ಯಾರು ಹೇಳುತ್ತಾರೆ? ಮೇವಿಗೆ ಬ್ರೆಜಿಲ್‌ನಿಂದ ಸೋಯಾ ಹಡಗಿನಲ್ಲಿ ಬರುತ್ತೆ. ಚೀಸ್, ಮಾಂಸ ಹೊರಗೆ ಹೋಗುತ್ತೆ. ಸಗಣಿ ಗಂಜಲ ಅಲ್ಲೇ ಉಳಿಯುತ್ತೆ.

ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದಾಗ ಕಣ್ಣು ಉರಿಸುವ ವಾಸನೆ ನಿಮಗೆ ಗೊತ್ತು. ಅದು ಅಮೋನಿಯಾ. ಸಗಣಿ ಗಂಜಲ ಬೆರೆತಾಗ ಏಳುತ್ತೆ, ಗಾಳಿಯಲ್ಲಿ ಹೋಗಿ ಕಾಡು ಕುರುಚಲಿನ ಮೇಲೆ ಬೀಳುತ್ತೆ. ಬಡ ಮಣ್ಣಿನಲ್ಲೇ ಬದುಕುವ ಗಿಡಗಳಿಗೆ ಈ ಪುಕ್ಕಟೆ ಗೊಬ್ಬರ ವಿಷ. ಹುಲ್ಲು, ತುರಿಕೆ ಗಿಡ ಎದ್ದು ಅವನ್ನು ನುಂಗುತ್ತವೆ. ಇದಕ್ಕೆ ಸರ್ಕಾರ ಕಂಡುಕೊಂಡ ಉಪಾಯವೂ ಕೇಳಿ. ಮುಂದೆ ಹೇಗೂ ಸಾರಜನಕ ಕಡಿಮೆ ಮಾಡುತ್ತೇವೆ ಅಂತ ಹೇಳಿ ಇವತ್ತೇ ಹೊಸ ಪರವಾನಗಿ ಕೊಡುತ್ತಾ ಹೋಯಿತು. 2019ರ ಮೇ ತಿಂಗಳಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಇದು ನಡೆಯಲ್ಲ ಅಂದಿತು. ಮನೆ, ರಸ್ತೆ ಕಾಮಗಾರಿಗಳು ನಿಂತವು. ಹೆದ್ದಾರಿಯಲ್ಲಿ ಹಗಲಿನ ವೇಗ ಗಂಟೆಗೆ 100 ಕಿಲೋಮೀಟರಿಗೆ ಇಳಿಯಿತು. ಅಕ್ಟೋಬರಿನಲ್ಲಿ ರೈತರು ಟ್ರ್ಯಾಕ್ಟರ್ ಹತ್ತಿ ಹೇಗ್ ನಗರಕ್ಕೆ ನುಗ್ಗಿದರು. ಅದೇ ವರ್ಷ ಹುಟ್ಟಿದ ರೈತರ ಪಕ್ಷ 2023ರ ಪ್ರಾಂತ್ಯ ಚುನಾವಣೆಯಲ್ಲಿ ಮೊದಲ ಸ್ಥಾನಕ್ಕೆ ಬಂತು.

ರೈತರನ್ನು ಬೈದು ಮುಗಿಸುವ ಕಥೆಯೂ ಇದಲ್ಲ. ಯುದ್ಧದ ನಂತರ 'ದೊಡ್ಡದು ಮಾಡಿ, ಹೆಚ್ಚು ಬೆಳೆಯಿರಿ' ಅಂತ ದಶಕಗಟ್ಟಲೆ ಹೇಳಿದ್ದು ಸರ್ಕಾರವೇ. ಆ ಮಾತು ನಂಬಿ ಸಾಲ ಮಾಡಿ ಕೊಟ್ಟಿಗೆ ಕಟ್ಟಿದವನಿಗೆ ಈಗ ದನ ಇಳಿಸು ಅಂದರೆ ಅವನು ಸಿಟ್ಟಾಗುವುದು ಸಹಜ. ಹೆಚ್ಚು ಬೆಳೆ ಅನ್ನುವವರು ಮೊದಲು ಬರುತ್ತಾರೆ, ಲೆಕ್ಕ ಕೇಳುವವರು ಆಮೇಲೆ. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಉತ್ತರದ ಗ್ರೋನಿಂಗನ್‌ಗೂ ಹೋಗಬೇಕು. 1959ರಲ್ಲಿ ಅಲ್ಲಿ ಅನಿಲ ಸಿಕ್ಕಿತು, ದೇಶ ಶ್ರೀಮಂತವಾಯಿತು. ತೆಗೆದಷ್ಟೂ ನೆಲ ಕುಸಿಯಿತು, ನಡುಗಿತು, ಹಳ್ಳಿ ಮನೆಗಳ ಗೋಡೆ ಬಿರುಕುಬಿಟ್ಟವು. 2012ರಲ್ಲಿ 3.6 ತೀವ್ರತೆಯ ಕಂಪನವಾಯಿತು. ಬಾವಿಗಳಿಂದ ಅನಿಲ ತೆಗೆಯುವುದು ನಿಂತದ್ದು 2023ರ ಅಕ್ಟೋಬರಿನಲ್ಲಿ. ಗ್ರೋನಿಂಗನ್ ಜನರ ಹಿತವನ್ನು ಕಡೆಗಣಿಸುತ್ತಲೇ ಬಂದಿದ್ದಾರೆ ಅಂತ ಹೇಳಿದ್ದು ಆ ದೇಶದ ಸಂಸತ್ತಿನ ತನಿಖಾ ಸಮಿತಿಯೇ.

ಭಾರತದವರು ತಪ್ಪಿಸಲೇಬಾರದ ಊರು ಇನ್ನೊಂದು ಇದೆ, ವೈಕ್ ಆನ್ ಝೇ. 2025ರಲ್ಲಿ ನಮ್ಮ ಪ್ರಜ್ಞಾನಂದ ಚೆಸ್ ಗೆದ್ದ ಊರು. ಪಕ್ಕದಲ್ಲೇ ಟಾಟಾ ಸ್ಟೀಲ್ ಕಾರ್ಖಾನೆ. ಇಂಗಾಲದ ಹೊಗೆಯಲ್ಲಿ ಆ ದೇಶದಲ್ಲೇ ದೊಡ್ಡದು. ಅಂಗಳದಲ್ಲಿ ಬೀಳುವ ಧೂಳಿನ ಬಗ್ಗೆ ಅಲ್ಲಿನ ಜನ ವರ್ಷಗಳಿಂದ ಕೇಳುತ್ತಿದ್ದಾರೆ. ಚೆಸ್ ಫೋಟೋ ಸಾಕು, ಧೂಳು ಬೇಡ ಅಂದರೆ ಹೇಗೆ?

"ಎರಡು ವಾರದಲ್ಲಿ ಎಷ್ಟು ಅಂತ ತೋರಿಸೋದು?" ಅನ್ನಬಹುದು. ದೇಶ ಅಷ್ಟು ಚಿಕ್ಕದು, ಆಮ್‌ಸ್ಟರ್‌ಡ್ಯಾಮ್‌ನಿಂದ ಗ್ರೋನಿಂಗನ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ. "ಅತಿಥಿಗಳಿಗೆ ಕೊಳಕು ತೋರಿಸೋದು ಸರಿಯಾ?" ಅನ್ನಬಹುದು. ಡಚ್ಚರು ಇದನ್ನೆಲ್ಲ ಬಚ್ಚಿಟ್ಟಿಲ್ಲ. ಸುಮಾರು 900 ನಾಗರಿಕರನ್ನು ಜೊತೆಗಿಟ್ಟುಕೊಂಡು ಉರ್ಗೆಂಡಾ ಸಂಸ್ಥೆ ತಮ್ಮದೇ ಸರ್ಕಾರದ ಮೇಲೆ ದಾವೆ ಹೂಡಿತು. 1990ಕ್ಕೆ ಹೋಲಿಸಿದರೆ 2020ರೊಳಗೆ ಹೊಗೆಯನ್ನು ಶೇ 25ರಷ್ಟಾದರೂ ಇಳಿಸಲೇಬೇಕು ಅಂತ 2019ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲೂ ಗೆದ್ದಿತು. ಮುಚ್ಚಿಡುತ್ತಿರುವುದು ಆ ದೇಶ ಅಲ್ಲ, ಕೋರ್ಸ್ ಮಾರುವವರು.

ನಮಗ್ಯಾಕೆ ಇಷ್ಟು ಹೊಟ್ಟೆಯುರಿ ಅಂತ ಕೇಳಬೇಡಿ. ಹೀಗೆ ಹೋಗಿಬಂದವರೇ ನಾಳೆ ಅಧಿಕಾರಿ, ಸಲಹೆಗಾರ, ಯೋಜನಾ ತಜ್ಞರಾಗಿ ನಮ್ಮ ಹೋಬಳಿಗೆ ಬರುತ್ತಾರೆ. ಗೇಟು ಮಾತ್ರ ನೋಡಿದವರು ಗೇಟನ್ನೇ ತರುತ್ತಾರೆ. ಮೀನುಗಾರನ ಮಾತಿಗೆ ನಕ್ಷೆ ಬದಲಾದದ್ದನ್ನು ನೋಡಿದವರು, ಗ್ರಾಮಸಭೆಯಲ್ಲಿ ಎದ್ದುನಿಂತವನನ್ನು ಕೂರಿಸುವ ಮೊದಲು ಒಂದು ಗಳಿಗೆ ಯೋಚಿಸುತ್ತಾರೆ.

ನಿಮ್ಮ ಊರಿನ ಹುಡುಗನೋ ಹುಡುಗಿಯೋ ಇಂಥ ಕೋರ್ಸಿಗೆ ಹೊರಟರೆ ದುಡ್ಡು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಲಿ. ಒಬ್ಬ ಡಚ್ ಹೈನುಗಾರನ ಕೊಟ್ಟಿಗೆಗೆ ಕರೆದೊಯ್ಯುತ್ತೀರಾ? ಗೋಡೆ ಬಿರುಕುಬಿಟ್ಟ ಮನೆಯವರ ಜೊತೆ ಮಾತಾಡಿಸುತ್ತೀರಾ? ನೀರಿನ ಮಂಡಳಿಯ ಸಭೆಯಲ್ಲಿ ಕೂರಿಸುತ್ತೀರಾ? ಮೂರಕ್ಕೂ ಇಲ್ಲ ಅಂದರೆ ಅದು ಟೂರ್ ಪ್ಯಾಕೇಜು. ಟೂರ್ ಅಂತಲೇ ಹೆಸರಿಡಲಿ, ಟೂರಿನ ರೇಟೇ ತಗೊಳ್ಳಲಿ.